ಹುಲ್ಲುಗಾವಲಿಗೆ ಮರಳಿದವಳಿಗೆ

ಸೊಸ್ನೊವ್ಕಾ, ಸೈಬೀರಿಯ
ಏಪ್ರಿಲ್ 14, 1957

ನನ್ನ ಮುದ್ದು ಕೆರ್ಮೆನ್,

ನಿನ್ನ ಕಾಗದ ಬಂತು. ನಮ್ಮ ಕಲ್ಮಿಕ್ ಹುಲ್ಲುಗಾವಲಿನಲ್ಲಿ ಟುಲಿಪ್ ಅರಳಿವೆಯೆಂದು ಓದಿ, ಆ ಬಯಲಿನ ಗಾಳಿಯೇ ಮುಖಕ್ಕೆ ತಾಗಿದಂತಾಯಿತು. ಇಲ್ಲಿ ನದಿಯ ಮಂಜುಗಡ್ಡೆ ಇನ್ನೂ ಒಡೆದಿಲ್ಲ. ಎಲ್ಲರೂ ಊರಿಗೆ ಹೊರಟರು, ನೀನೊಬ್ಬಳೇ ಯಾಕೆ ಉಳಿದೆ ಎಂದು ಕೇಳಿದ್ದೀಯ. ಬರುತ್ತೇನೆ ಮಗಳೇ, ಸ್ವಲ್ಪ ತಡವಾಗುತ್ತದೆ.

ಹದಿಮೂರು ವರ್ಷದ ಹಿಂದೆ, ನಮ್ಮ ಜನಾಂಗವೇ ದ್ರೋಹಿಯೆಂದು ಸರ್ಕಾರ ಊರು ಬಿಡಿಸಿದ ಆ ಮುಂಜಾನೆ ನಿನಗೆ ನಾಲ್ಕು ವರ್ಷ. ನಿನ್ನ ಅಪ್ಪ ಯುದ್ಧಕ್ಕೆ ಹೋಗಿದ್ದರು. ನಾನು ದೇವರ ಪಟ ಎತ್ತಿಕೊಳ್ಳಲು ಹೋದಾಗ ಸಿಪಾಯಿ ಮೆಲ್ಲಗೆ, "ಅದನ್ನ ಬಿಡಕ್ಕ, ಮಗೂಗೆ ತುಪ್ಪಳದ ಕೋಟು ತಗೋ. ಹೋಗೋ ಕಡೆ ಚಳಿ ಜಾಸ್ತಿ" ಎಂದ. ದನ ಸಾಗಿಸುವ ಬೋಗಿಯಲ್ಲಿ ತುಂಬಿದರು. ಅಜ್ಜಿ ದಾರಿಯಲ್ಲೇ ತೀರಿಕೊಂಡರು. ರೈಲು ನಿಂತಲ್ಲಿ ಹಿಮದ ಮೇಲೆ ಮಲಗಿಸಿ ಬಂದೆವು. ಅದರ ಬಗ್ಗೆ ಹೆಚ್ಚು ಬರೆಯಲಾರೆ.

ಇಲ್ಲಿ ಸೊಂಟದವರೆಗಿನ ಹಿಮದಲ್ಲಿ ಮರ ಕಡಿಯಲು ಹಚ್ಚಿದರು. ಅಪ್ಪನನ್ನೂ ರಣರಂಗದಿಂದಲೇ ಕೈದಿಗಳ ಶಿಬಿರಕ್ಕೆ ಸಾಗಿಸಿದ್ದಾರೆಂದು ಆಮೇಲೆ ತಿಳಿಯಿತು. ಅಲ್ಲಿಂದ ಯಾವುದೋ ಗಣಿಗೆ ಹೋದರು ಎಂಬುದೇ ಕೊನೆಯ ಸುದ್ದಿ.

ಆದರೂ ಈಗ ನನಗೆ ನೆನಪಾಗುವುದು, ನಮಗೆ ಆಸರೆ ಕೊಟ್ಟ ಅಗಾಫ್ಯಾಳ ಮನೆಯ ಒಲೆ. ನಾವು ಮನುಷ್ಯರನ್ನು ತಿನ್ನುವವರೆಂದು ಊರವರಿಗೆ ಹೇಳಿದ್ದರಂತೆ. ಮೊದಲ ದಿನ ಅವಳು ಕೊಡಲಿ ಹಿಡಿದೇ ಬಾಗಿಲು ತೆರೆದಳು. ನಿನ್ನ ಬಾಯಿ ಬಿಡಿಸಿ ನೋಡಿ, "ಅಯ್ಯೋ, ಇನ್ನೂ ಹಾಲುಹಲ್ಲು! ಇದು ಯಾರನ್ನ ತಿನ್ನತ್ತೆ, ಪಾಪ!" ಎಂದು ಒಳಗೆ ಎಳೆದುಕೊಂಡಳು. ನಾನು ನಮ್ಮ ರೂಢಿಯಂತೆ ಚಹಾಗೆ ಉಪ್ಪು ಹಾಕಿದರೆ, "ತಲೆ ಕೆಟ್ಟಿದ್ಯೇನೇ ನಿಂಗೆ?" ಎಂದು ಬೈದವಳು, ಮರುವರ್ಷ ತಾನೇ ಹಾಲು ತಂದು, "ಆ ನಿನ್ನ ಹುಚ್ಚು ಚಹಾ ಕಾಸೇ" ಎನ್ನತೊಡಗಿದಳು. ಅವಳ ಮಡಿಲಲ್ಲೇ ನೀನು ರಷ್ಯನ್ ಹಾಡು ಕಲಿತೆ. ನಾನೂ ಅವಳನ್ನು ಬಿಟ್ಟು ಹೋಗುತ್ತೇನೆಂದು ಈಗ ಮುಖ ಊದಿಸಿಕೊಂಡಿದ್ದಾಳೆ. ಊರಿನ ಬಯಲಿಗಾಗಿ ಇಷ್ಟು ವರ್ಷ ಅತ್ತೆ. ಅಲ್ಲಿಗೆ ಬಂದಮೇಲೆ ಈ ಮುದುಕಿಗಾಗಿ ಅಳುತ್ತೇನೋ ಏನೋ.

ಹಸು ಮಾರಬೇಕು, ರಸ್ತೆಯೆಲ್ಲ ಕೆಸರು. ತಡಕ್ಕೆ ಬೇರೆ ಕಾರಣವಿಲ್ಲ. ಮನೆ ನೋಡುವಾಗ ಮೆಟ್ಟಿಲು ಕಡಿಮೆ ಇರಲಿ, ನನ್ನ ಮಂಡಿ ನೋವು ನಿನಗೆ ಗೊತ್ತಲ್ಲ.

ನಿನ್ನ ಅವ್ವ,
ನೋಗಾನ್

ತಾ.ಕ.: ಅಂಟಿಸಿದ ಲಕೋಟೆ ಮತ್ತೆ ಬಿಚ್ಚಿದೆ. ಮನಸ್ಸು ತಡೆಯಲಿಲ್ಲ. ನೀನು ಹೊರಟ ಮೇಲೆ, ಹೋದ ತಿಂಗಳು ಅಪ್ಪ ಬಿಡುಗಡೆಯಾಗಿ ಬಂದರು ಕೆರ್ಮೆನ್. ನನಗೇ ಗುರುತು ಸಿಗಲಿಲ್ಲ. "ಅವಳಿಗೆ ಈಗ್ಲೇ ಬರೀಬೇಡ ಕಣೇ. ನನ್ನ ಕಾಲ ಮೇಲೆ ನಾನೇ ರೈಲು ಇಳೀತೀನಿ, ಆಗ ನೋಡ್ಲಿ" ಎಂದು ಒಂದೇ ಹಟ. ಇವತ್ತು ಅಗಾಫ್ಯಾಳ ತೋಳು ಹಿಡಿದು ಬೇಲಿಯವರೆಗೆ ನಡೆದರು. ಅಲ್ಲಿ ನಿಂತು, "ಮಗಳಿಗೆ ನನ್ನ ಮುಖ ನೆನಪಿದ್ಯಾ?" ಎಂದರು. ಇದೆ ಎಂದುಬಿಟ್ಟೆ. ಸ್ಟೇಷನ್ನಿನಲ್ಲಿ ನಿನಗೆ ಗುರುತು ಸಿಗದಿದ್ದರೂ, ಓಡಿ ಬಂದು ಮೊದಲು ಅವರನ್ನೇ ತಬ್ಬಿಕೋ.