ಅಂಚಿನ ಲೆಕ್ಕ

ಮಾರ್ಚ್ ೯, ಸೋಮವಾರ

ಪಿಜ್ಜಾ ಅಂಗಡಿಯಾಕೆ ಇವತ್ತು ನಕ್ಕೇಬಿಟ್ಟಳು. "ಏನ್ ಟೀಚರ್, ಚಿಕ್ಕದಾ? ದುಡ್ಡು ಎರಡರಷ್ಟು, ಪಿಜ್ಜಾ ನಾಲ್ಕರಷ್ಟು, ದೊಡ್ಡದೇ ಲಾಭ ಅಂತ ನಂಗೇ ಪಾಠ ಮಾಡ್ತಿದ್ರಲ್ಲ!" ನನ್ನ ತಮ್ಮ ಮದುವೆಯಾಗಿ ಬೇರೆ ಮನೆ ಮಾಡಿದ ಅಂತ ಹೇಳದೆ, ಚಿಕ್ಕದನ್ನೇ ಕಟ್ಟಿಸಿಕೊಂಡು ಬಂದೆ.

ತಿನ್ನುವಾಗಲೂ ಲೆಕ್ಕ ತಲೆಯಿಂದ ಇಳಿಯಲಿಲ್ಲ. ಈ ಏಳು ಇಂಚಿನ ಚಿಕ್ಕದರ ಸುತ್ತ ಒಂದಿಂಚು ಒಣ ಅಂಚು ಕಳೆದರೆ, ನಡುವಿನ ವೃತ್ತಕ್ಕೆ ಐದೇ ಇಂಚು ವ್ಯಾಸ. ವ್ಯಾಸದ ವರ್ಗ ಹಿಡಿದರೆ ನಲವತ್ತೊಂಬತ್ತು ಪಾಲಿನಲ್ಲಿ ನಡುವಿನದು ಇಪ್ಪತ್ತೈದು. ಹೆಚ್ಚುಕಮ್ಮಿ ಅರ್ಧ ದುಡ್ಡು ಬರೀ ಅಂಚಿಗೆ! ನಾವು ತರುತ್ತಿದ್ದ ಹದಿನಾಲ್ಕು ಇಂಚಿನದರಲ್ಲಿ ಅಂಚು ಕಾಲುಭಾಗಕ್ಕಿಂತ ಚೂರು ಹೆಚ್ಚು, ಅಷ್ಟೇ. ಅದೆಲ್ಲ ನನ್ನ ಪಾಲು. ತಮ್ಮ ಚಿಕ್ಕಂದಿನಿಂದಲೂ ನಡುವಿನದಷ್ಟೇ ತಿಂದು, "ಅಕ್ಕಾ, ಇದು ನಿಂಗೆ" ಅಂತ ಅಂಚನ್ನು ನನ್ನ ತಟ್ಟೆಗೆ ತಳ್ಳುತ್ತಿದ್ದ. ನಾನು ಬೈಯುತ್ತಲೇ ತಿನ್ನುತ್ತಿದ್ದೆ.

ಈಗಷ್ಟೇ ಫೋನ್ ಮಾಡಿದ್ದ.

"ಊಟ ಆಯ್ತೇನಕ್ಕಾ?"

"ಆಯ್ತು ಕಣೋ. ಪಿಜ್ಜಾ. ಇವತ್ತು ಪೂರ್ತಿ ನಂದೇ."

ಫೋನ್ ಇಟ್ಟು ನೋಡಿದರೆ ಡಬ್ಬಿಯಲ್ಲಿ ಒಂದು ಚೂರು ಅಂಚೂ ಇಲ್ಲ. ಸುತ್ತಲೂ ಮುರಿದು ಮುರಿದು ಅದನ್ನೇ ತಿಂದಿದ್ದೇನೆ. ನಡುವಿನದು ಹಾಗೇ ಇದೆ, ತಣ್ಣಗಾಗಿ.

ಡಬ್ಬಿ ಮುಚ್ಚಿಟ್ಟಿದ್ದೇನೆ. ಯಾರಿಗೆ ಅಂತ...