ಹಸಿ ನೆಲದ ಮೇಲೆ ಹಾಸಿದ್ದು

ಪ್ರೀತಿಯ ಚುಕ್ಕಿ,

ನೀನು ಅಳತೆ ತೆಗೆಯಲು ಹೋಗಿದ್ದೀಯ, ಅಮ್ಮ ಅಂಗಡಿಗೆ ಹೋಗಿದ್ದಾಳೆ. ಅಡುಗೆಮನೆಯ ಮೇಜಿನ ಮೇಲೆ ಹಾಳೆ ಹರವಿಕೊಂಡು ಬರೆಯುತ್ತಿದ್ದೇನೆ. ಎದುರು ಕೂತು ಹೇಳೋಣವೆಂದು ವಾರದಿಂದ ಹೊಂಚುತ್ತಿದ್ದೇನೆ. ನೀನು ‘ಏನಪ್ಪಾ?’ ಅಂದ ಕೂಡಲೇ ‘ಏನಿಲ್ಲ, ಊಟ ಆಯ್ತಾ?’ ಎಂದು ಜಾರಿಕೊಳ್ಳುತ್ತೇನೆ. ನಿನ್ನೆ ನೀನು ನಕ್ಕು, ‘ಎಷ್ಟು ಸಲ ಊಟ ಮಾಡಿಸ್ತೀಯಪ್ಪ?’ ಅಂದೆ.

ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು. ಹಿಂದಿನ ಬೀದಿಯ ಮೇಸ್ತ್ರಿಯ ಮೇಲೆ ಪಡುವಂಥದ್ದಾಗಿದ್ದರೆ ನಾಲ್ಕು ಜನ ಸೇರಿ ಅವನನ್ನು ಬೈದು, ಟೀ ಕುಡಿದು ಎದ್ದರೆ ಇಳಿದುಹೋಗುತ್ತಿತ್ತು. ಇದು ಹೆತ್ತ ಮಗಳ ಮೇಲಿನದು. ಯಾರ ಹತ್ತಿರ ಹೇಳಿಕೊಳ್ಳಲಿ? ನಿನ್ನನ್ನು ಹೊಗಳಿದವರ ಮುಂದೆ ಹಲ್ಲು ಕಿರಿದು ನಿಂತು, ಮನೆಗೆ ಬಂದು ಅಮ್ಮನ ಮೇಲೆ ರೇಗುತ್ತಿದ್ದೆ. ಪಾಪ, ಅವಳಿಗೆ ಇವತ್ತಿಗೂ ಅದು ಮಂಡಿನೋವಿನ ಸಿಟ್ಟು ಅಂತಲೇ ನಂಬಿಕೆ.

ಯಾವತ್ತು ಶುರುವಾಯಿತೆಂದು ಚೆನ್ನಾಗಿ ನೆನಪಿದೆ. ಗ್ರಂಥಪಾಲಕಿಯಾಗಿ ನಿವೃತ್ತರಾಗಿದ್ದ ಆ ಹೆಂಗಸಿನ ಮನೆ, ನೂರು ವರ್ಷ ಹಳೆಯದು. ಅವರಿಗೆ ನೆಲಕ್ಕೆ ಕ್ಯಾಟಲಾಗಿನಲ್ಲಿ ನೋಡಿದ ಬೂದು ಬಣ್ಣದ ಲ್ಯಾಮಿನೇಟ್ ಹಲಗೆಯೇ ಬೇಕಿತ್ತು. ಗಿರಾಕಿ ಕೇಳಿದ್ದನ್ನು ಹಾಕಿ ಎದ್ದುಬರುವುದು ನನ್ನ ಪದ್ಧತಿ. ನೀನು ನಾಲ್ಕು ಮಾದರಿ ತುಂಡುಗಳನ್ನು ಕಿಟಕಿಯ ಕೆಳಗೆ ಜೋಡಿಸಿಟ್ಟು, ‘ಇವತ್ತು ಇಲ್ಲೇ ಇರಲಿ ಮೇಡಂ. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ನೋಡಿ. ಅಂಗಡಿ ಬೆಳಕೇ ಬೇರೆ, ಮನೆ ಬೆಳಕೇ ಬೇರೆ’ ಅಂದೆ. ಎರಡು ದಿನ ಬಿಟ್ಟು ಹೋದಾಗ ಅವರು ಜೇನುಬಣ್ಣದ್ದನ್ನು ಎತ್ತಿಟ್ಟಿದ್ದರು. ‘ಆ ಬೂದು ಬಣ್ಣ ಸಂಜೆ ಹೊತ್ತು ಆಸ್ಪತ್ರೆ ಥರ ಕಾಣ್ತಿತ್ತು ಕಣಮ್ಮ’ ಎಂದು ನಿನ್ನ ಕೈ ಹಿಡಿದುಕೊಂಡರು. ನಾನು ಹೊರಗಿನಿಂದ ಹಲಗೆ ಕಟ್ಟು ಹೊತ್ತು ತರುತ್ತಿದ್ದೆ. ನನ್ನತ್ತ ಅವರು ತಿರುಗಿ ನೋಡಲೂ ಇಲ್ಲ.

ಅದೂ ಹೋಗಲಿ ಅಂದುಕೊಂಡೆ. ಆ ಮನೆಯಲ್ಲಿ ಒಂದು ಮೂಲೆಯೂ ನೆಟ್ಟಗಿರಲಿಲ್ಲ. ಹಳೆಯ ಮರದ ನೆಲ ಹೆಜ್ಜೆ ಹೆಜ್ಜೆಗೂ ಕಿರುಗುಟ್ಟುತ್ತಿತ್ತು. ಅದನ್ನೆಲ್ಲ ಸ್ಕ್ರೂ ಹಾಕಿ ಬಿಗಿ ಮಾಡಿ, ಕಿಟಕಿಯ ಗೋಡೆಗೆ ಹೊಂದಿಸಿ ಮೊದಲ ಸಾಲು ಇಟ್ಟೆ. ನೀನು ಬಾಗಿಲ ಹತ್ತಿರ ನಿಂತು ಒಂದು ಕಣ್ಣು ಮುಚ್ಚಿ ನೋಡಿದೆ. ‘ಅಪ್ಪ, ಸ್ವಲ್ಪ ತಡಿ. ಹೀಗೇ ಹೋದ್ರೆ ಈ ಕಡೆ ಕೊನೇ ಸಾಲು ಬೆಣೆ ಥರ ಬರತ್ತೆ. ಒಳಗೆ ಬಂದವರ ಕಣ್ಣಿಗೆ ಮೊದಲು ಅದೇ ಬೀಳೋದು. ಆ ಓರೆನ ಎರಡೂ ಕಡೆ ಅರ್ಧರ್ಧ ಹಂಚಿಬಿಡೋಣ.’ ನೀನು ಮಾತು ಮುಗಿಸುವ ಮೊದಲೇ ಅದು ಸರಿಯೆಂದು ನನಗೆ ಗೊತ್ತಾಗಿಬಿಟ್ಟಿತು. ನೀನು ಹೇಳಿದ್ದು ತಪ್ಪಾಗಿದ್ದರೆ ಬೆನ್ನು ತಟ್ಟಿ ತಿದ್ದುತ್ತಿದ್ದೆ, ಖುಷಿಯಿಂದ ತಿದ್ದುತ್ತಿದ್ದೆ. ಮೂವತ್ತೊಂದು ವರ್ಷ ಮಂಡಿಯೂರಿದವನಿಗೆ ಹೊಳೆಯದ್ದು ಕೆಲಸಕ್ಕೆ ಬಂದು ನಾಲ್ಕನೇ ವರ್ಷದ ನಿನಗೆ ಹೊಳೆದಿತ್ತು. ‘ಹಾಕಿದ ಸಾಲು ಕೀಳ್ಬೇಕಾ ಈಗ?’ ಎಂದು ಗೊಣಗಿದೆ. ಕಿತ್ತೆ. ಕಿತ್ತದ್ದು ಆರು ಹಲಗೆ ಮಾತ್ರ, ಆದರೂ ಇಡೀ ದಿನ ನಿನ್ನ ಜೊತೆ ಮಾತಾಡಲಿಲ್ಲ.

ಆಮೇಲೆ ದರ್ಜಿಯವರ ಮನೆ. ಮೂವತ್ತು ವರ್ಷದಲ್ಲಿ ಮೂರು ಸಲ ರಿಪೇರಿ ಕಂಡಿದ್ದ ಟೈಲ್ಸ್ ನೆಲ, ಒಂದು ಕೋಣೆಗೂ ಇನ್ನೊಂದಕ್ಕೂ ಮಟ್ಟ ಬೇರೆ. ನೀನು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಂದು ಸುತ್ತು ನಡೆದು, ತಗ್ಗಿದ್ದ ಕಡೆಯೆಲ್ಲ ಪೆನ್ಸಿಲಿನಿಂದ ಚುಕ್ಕಿ ಇಟ್ಟೆ. ಮೊದಲ ದಿನದಿಂದಲೂ ನೀನು ಗೀಟು ಎಳೆದವಳಲ್ಲ, ಒಂದು ಚುಕ್ಕಿಯಿಟ್ಟರೆ ಅದೇ ಅಳತೆ. ಅದಕ್ಕೆಂದೇ ‘ಚುಕ್ಕಿ’ ಎಂಬ ಹೆಸರು ನಾನೇ ಇಟ್ಟಿದ್ದು, ಆಗ ಹೆಮ್ಮೆಯಿಂದ. ನೀನು ಟೀ ತರಲು ಒಳಗೆ ಹೋದಾಗ ನಾನು ಕಳ್ಳನಂತೆ ಮಟ್ಟದ ಪಟ್ಟಿ ಇಟ್ಟು ಒಂದೊಂದನ್ನೂ ಪರೀಕ್ಷಿಸಿದೆ. ಒಂದಾದರೂ ತಪ್ಪಿರಲೆಂದು ಬಯಸಿದೆ. ಒಂದೂ ತಪ್ಪಿರಲಿಲ್ಲ. ದರ್ಜಿಯವರು ನನ್ನನ್ನು ನೋಡಿ, ‘ಮೇಸ್ತ್ರಿ, ಬಟ್ಟೆ ಕತ್ತರಿಸೋಕೂ ಇವಳನ್ನೇ ಕಳಿಸಿಕೊಡಿ, ನಾನು ಟೇಪು ಮಾರಿಬಿಡ್ತೀನಿ’ ಅಂದರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ.

ಅಲ್ಲಿಂದ ನನ್ನ ಫೋನಿಗೆ ಬರುವ ಕರೆಗಳೂ ಬದಲಾದವು. ‘ಮಗಳಿಲ್ವಾ? ಸರಿ ಬಿಡಿ, ಆಮೇಲೆ ಮಾಡ್ತೀನಿ.’ ಅಮ್ಮ ಒಂದು ದಿನ ತರಕಾರಿ ಹೆಚ್ಚುತ್ತಾ, ‘ನಿಮ್ಮ ಕೆಲಸ ಅವಳ ಕೈಗೆ ಬಂದಿದೆ ರೀ, ಇನ್ನೂ ಚೆನ್ನಾಗೇ ಬಂದಿದೆ’ ಅಂದಳು. ಆ ‘ಇನ್ನೂ ಚೆನ್ನಾಗೇ’ ಕೇಳಿ ನಾನು ಚಪ್ಪಲಿ ಮೆಟ್ಟಿ ಹೊರಗೆ ಹೋದೆ.

ಈಗ ನರ್ಸಮ್ಮನ ಹೊಸ ಫ್ಲಾಟಿನ ವಿಷಯ. ಇದನ್ನು ಬರೆಯುವುದಕ್ಕೇ ಇಷ್ಟು ಹಿಂದಿನಿಂದ ಬಂದೆ.

ಗೋಡೆಯ ಬಣ್ಣದ ವಾಸನೆಯೂ ಹೋಗಿರದ ಮನೆ. ನೀನು ನಿನ್ನ ತೇವ ಅಳೆಯುವ ಯಂತ್ರ ಇಟ್ಟು ನೋಡಿ, ‘ಇನ್ನೂ ಮೂರು ವಾರ ಬಿಡ್ಬೇಕಪ್ಪ. ಕಾಂಕ್ರೀಟು ಕುಡಿದ ನೀರು ಇನ್ನೂ ಹೋಗಿಲ್ಲ’ ಎಂದು ಹೇಳಿ ಗೆಳತಿಯ ಮದುವೆಗೆ ಹೋದೆ. ಮರುದಿನವೇ ನರ್ಸಮ್ಮ ಬಂದರು. ಬಾಡಿಗೆ ಮನೆ ಬಿಡಬೇಕಾಗಿತ್ತು ಅವರಿಗೆ. ‘ಮಗಳು ಆಗಲ್ಲ ಅಂದ್ರು. ನೀವು ಹಿರಿಯರು, ನೀವು ಹೇಳಿ’ ಅಂದರು. ‘ನೀವು ಹಿರಿಯರು’ ಎಂಬ ಮಾತು ಕೇಳಿ ಎಷ್ಟು ದಿನವಾಗಿತ್ತು! ಹೋಗಿ ಅಂಗೈ ಊರಿ ನೋಡಿದೆ. ನೆಲ ತಣ್ಣಗಿತ್ತು. ಹಸಿ ಇದೆಯೆಂದು ನನಗೆ ಯಾವ ಯಂತ್ರವೂ ಹೇಳಬೇಕಿರಲಿಲ್ಲ. ಆದರೂ ‘ಆಗತ್ತೆ’ ಅಂದೆ. ಆಗಲ್ಲ ಅಂದವಳು ನೀನು, ಬೇರೆ ಕಾರಣವೇ ಇರಲಿಲ್ಲ. ತೇವ ತಡೆಯುವ ಪ್ಲಾಸ್ಟಿಕ್ ಹಾಳೆಯನ್ನೂ ಕೆಳಗೆ ಹಾಸಲಿಲ್ಲ, ಬರೀ ಫೋಮು ಹಾಸಿ ಒಬ್ಬನೇ ಎರಡು ದಿನದಲ್ಲಿ ಮುಗಿಸಿದೆ. ಮುಗಿಸಿ ನಿಂತು ನೋಡಿದರೆ ಒಂದು ಸಂದೂ ಕಾಣುತ್ತಿರಲಿಲ್ಲ. ನೀನು ನೋಡಿ ಬೆರಗಾಗಬೇಕೆಂದು ಕಾದೆ.

ನೀನು ಬಂದು ಕೇಳಿದ್ದು ಒಂದೇ ಮಾತು: ‘ಒಣಗಿತ್ತಾ?’ ನಾನು ಹೇಳಿದೆ: ‘ನಿನ್ನ ಯಂತ್ರನೇ ಇಟ್ಟು ನೋಡ್ದೆ. ಒಣಗಿದೆ ಅಂತ ತೋರಿಸ್ತು.’

ಚುಕ್ಕಿ, ಅದು ಸುಳ್ಳು. ನಿನ್ನ ಯಂತ್ರವನ್ನು ನಾನು ಚೀಲದಿಂದ ಹೊರಗೆ ತೆಗೆದೇ ಇರಲಿಲ್ಲ.

ಏಳು ವಾರಕ್ಕೆ ನಡುಮನೆಯ ನೆಲ ಮಧ್ಯದಲ್ಲಿ ಉಬ್ಬಿ ಎದ್ದಿತು. ಸಂದುಗಳ ಅಂಚು ಊದಿಕೊಂಡಿದ್ದವು. ಡ್ಯೂಟಿ ಮುಗಿಸಿ ಬಂದಿದ್ದ ನರ್ಸಮ್ಮ ಬಿಳಿ ಬಟ್ಟೆಯಲ್ಲೇ ನಿಂತು, ‘ಏನು ನೋಡಿ ಆಗತ್ತೆ ಅಂದಿದ್ದು?’ ಎಂದು ಕೇಳಿದರು. ನಾನು ಕಿಟಕಿಯ ಕಡೆ ನೋಡಿದೆ. ನೀನು, ‘ಅಪ್ಪ ನೋಡಿದ್ದು ನನ್ನ ಯಂತ್ರ ಮೇಡಂ. ಅದನ್ನ ನಂಬಿಸಿದ್ದೂ ನಾನೇ. ತಪ್ಪು ನಂದು’ ಅಂದೆ. ಆಗ ನನಗೆ ಏನಾಯಿತೆಂದು ಮುಚ್ಚಿಡುವುದಿಲ್ಲ. ಸುಖವಾಯಿತು. ಕೊನೆಗೂ ಇವಳೂ ಒಂದು ಕಡೆ ಸೋತಳು ಅನ್ನಿಸಿತು. ಕಟ್ಟಡದ ಉಸ್ತುವಾರಿಯವರು ನಮಗೆಂದು ಇಟ್ಟಿದ್ದ ಉಳಿದ ಎಂಟು ಮನೆಗಳ ಕೆಲಸ ರದ್ದು ಮಾಡಿ, ‘ಹುಡುಗಿ ಕೈಗೆ ಕೊಟ್ಟು ಕೂತ್ರೆ ಹೀಗೇ ಆಗೋದು ಮೇಸ್ತ್ರಿ’ ಎಂದು ಫೋನಿನಲ್ಲಿ ಹೇಳಿದಾಗಲೂ ನಾನು ಬಾಯಿ ಬಿಡಲಿಲ್ಲ. ನೀನು ಆ ನೆಲವನ್ನೆಲ್ಲ ಕಿತ್ತು, ಫ್ಯಾನು ಹಚ್ಚಿಟ್ಟು, ವಾರಗಟ್ಟಲೆ ಒಣಗಿಸಿ ಮತ್ತೆ ಹಾಸಿಕೊಟ್ಟೆ.

ಅದಾದ ಮೇಲೆ ನೀನು ಎಲ್ಲವನ್ನೂ ಮತ್ತೆ ಮತ್ತೆ ಅಳೆಯತೊಡಗಿದೆ. ಹೋದ ವಾರ ಆ ಸಣ್ಣ ಕೋಣೆಯಲ್ಲಿ ಒಂದೇ ಹಲಗೆಯನ್ನು ಮೂರು ಸಲ ಅಳೆದೆ. ಚುಕ್ಕಿ ಇಡಲಿಲ್ಲ, ಪಟ್ಟಿ ಹಿಡಿದು ಗೀಟು ಎಳೆದೆ. ಆಮೇಲೂ ಹಲಗೆಯನ್ನು ನನ್ನ ಕಡೆ ಚಾಚಿ, ‘ಅಪ್ಪ, ನೀನೇ ಒಂದ್ಸಲ ನೋಡು. ನಂಗೆ ಧೈರ್ಯ ಬರ್ತಿಲ್ಲ’ ಅಂದೆ. ಎರಡು ವರ್ಷದಿಂದ ನಾನು ಕಾದಿದ್ದದ್ದು ಇದೇ ಮಾತಿಗೆ. ಅದನ್ನು ಕೇಳಿದಾಗ ಸುಖವಾಗಲಿಲ್ಲ, ಪಟ್ಟಿ ಇಟ್ಟು ಅಳೆದು ನೋಡಿದೆ. ನೀನಿಟ್ಟ ಅಳತೆ ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

ನಿನ್ನೆ ನರ್ಸಮ್ಮನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು, ‘ಅವತ್ತು ಅವಳ ಪಕ್ಕದಲ್ಲೇ ನಿಂತಿದ್ರಲ್ಲ ನೀವು’ ಅಂದರು. ಅವರೇ ನನ್ನನ್ನು ಉಸ್ತುವಾರಿಯವರ ಬಳಿಗೆ ಕರೆದುಕೊಂಡು ಹೋದರು. ಅಲ್ಲೂ ಹೇಳಿದೆ. ಉಸ್ತುವಾರಿಯವರು ಪೆನ್ನು ಕೆಳಗಿಟ್ಟು, ‘ಎಂಟೂ ಮನೆ ನಿಮ್ಮ ಮಗಳಿಗೇ ಕೊಡ್ತೀನಿ. ನೀವು ಮಾತ್ರ ಈ ಕಟ್ಟಡದೊಳಗೆ ಕಾಲಿಡಬಾರದು’ ಅಂದರು. ‘ಆಗಲಿ’ ಅಂದೆ. ಮೆಟ್ಟಿಲು ಇಳಿಯುವಾಗ ಆ ಎಂಟು ಮನೆಗಳಲ್ಲಿ ನೀನೊಬ್ಬಳೇ ಓಡಾಡುವುದು ಕಣ್ಣಿಗೆ ಕಟ್ಟಿತು. ಅಷ್ಟೆಲ್ಲ ಒಪ್ಪಿಕೊಂಡು ಬಂದವನಿಗೆ, ನಾಲ್ಕನೇ ಮೆಟ್ಟಿಲಲ್ಲೇ ಮತ್ತೆ ಹೊಟ್ಟೆ ಉರಿಯಿತು. ಅದು ಹೋಗಿಬಿಟ್ಟಿದೆಯೆಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ.

ಇವತ್ತೋ ನಾಳೆಯೋ ನಿನಗೆ ಉಸ್ತುವಾರಿಯವರ ಫೋನು ಬರುತ್ತದೆ. ‘ಅಪ್ಪನೂ ಬರಲಿ’ ಎಂದು ಹಟ ಹಿಡಿಯಬೇಡ, ಒಪ್ಪಿಕೋ. ಸಿಟ್ಟು ಬಂದರೆ ಬಂದು ಬೈ, ಇಡೀ ಬೀದಿಗೆ ಕೇಳುವಂತೆ ಬೈ. ಮಾತು ಮಾತ್ರ ಬಿಡಬೇಡ. ಅದನ್ನು ತಡೆದುಕೊಳ್ಳುವ ಶಕ್ತಿ ನನಗಿಲ್ಲ.

ನನಗಿಂತ ದೊಡ್ಡ ಕೆಲಸಗಾರ್ತಿಯಾಗು, ಮಗಳೇ. ಈ ಒಂದು ಸಾಲು ಬರೆಯುವಷ್ಟರಲ್ಲಿ ಪೆನ್ನು ಎರಡು ಸಲ ನಿಂತಿತು. ಆದರೂ ಪೂರ್ತಿ ಬರೆದಿದ್ದೇನೆ.

ನಿನ್ನ
ಅಪ್ಪ