ನೆಂಟರ ಪಾಠ

ಅರ್ಗಾವ್, ಸೆಬು
೧೨ ಅಕ್ಟೋಬರ್ ೨೦೦೯

ನನ್ನ ಮುದ್ದು ಇಂದಾಯ್ ರೋಸ್ವಿ,

ನೀನು ಎದುರಿಗಿದ್ದಿದ್ದರೆ ಆಶೀರ್ವಾದಕ್ಕೆ ಬಗ್ಗಿ ನನ್ನ ಕೈಯನ್ನು ನಿನ್ನ ಹಣೆಗೆ ಮುಟ್ಟಿಸಿಕೊಳ್ಳುತ್ತಿದ್ದೆ. ಮನಿಲಾ ದೂರ. ಅದಕ್ಕೇ ಈ ಕಾಗದವನ್ನೇ ಒಮ್ಮೆ ಹಣೆಗೆ ಒತ್ತಿಕೊಂಡು ಆಮೇಲೆ ಓದು. ಓದುವಾಗ ಕೂತುಕೋ.

ಫೋನು ಮಾಡಬಹುದಿತ್ತಲ್ಲ ಟಿಯಾ ಎನ್ನಬೇಡ. ಈ ಮನೆಯ ಫೋನು ಇರುವುದು ನನ್ನ ಅಣ್ಣನ, ಅಂದರೆ ನಿನ್ನ ಸೋದರಮಾವನ ಅಂಗಿ ಜೇಬಿನಲ್ಲಿ. ನಾನು ಹೇಳಬೇಕಾಗಿರುವುದು ಆ ಜೇಬಿನ ಯಜಮಾನನ ವಿಷಯ.

ನಾನು ಆರಾಮಾಗಿದ್ದೇನೆ. ಎಡ ಮೊಣಕಾಲು ಮಾತ್ರ ಮಳೆ ಹಿಡಿದಾಗಿನಿಂದ ತನ್ನ ಹಳೆಯ ರಾಗ ತೆಗೆದಿದೆ. ಚಿಕ್ಕಂದಿನಲ್ಲಿ ನಿನ್ನ ಮಾವನಿಗೆ ಎದುರು ಕೋಲು ಹಿಡಿಯಲು ಬೇರೆ ಯಾರೂ ಸಿಗದೆ ಅಪ್ಪ ನನ್ನನ್ನೇ ನಿಲ್ಲಿಸುತ್ತಿದ್ದರು. ಎಲ್ಲಾ ಏಟನ್ನೂ ತಡೆಯುತ್ತಿದ್ದೆ, ಕೊನೆಗೆ ಅವನ ಕೋಲು ಹುಡುಕಿಕೊಂಡು ಬಂದಂತೆ ನನ್ನ ಎಡ ಮೊಣಕಾಲಿನ ಮೇಲೇ ಕೂರುತ್ತಿತ್ತು. ಗಂಡು ಮಕ್ಕಳಿಗೆ ಶಕ್ತಿ ಹೆಚ್ಚು ಎಂದು ನಾನು ಸುಮ್ಮನಾಗುತ್ತಿದ್ದೆ. ಇರಲಿ, ಅದು ಹಳೆಯ ಕಥೆ.

ಶನಿವಾರ ನಿಮ್ಮ ಮನಿಲಾದಿಂದ ಮಾಂಗಾಹಾಸ್ ಎಂಬ ಅಧಿಕಾರಿ ಬಂದಿದ್ದ. ನಿನಗೆ ಪರಿಚಯವಂತೆ, ಸೆನೆಟಿನ ದೊಡ್ಡವರ ಮುಂದೆ ನಿನ್ನ ಕೋಲಿನಾಟ ಆಡಿಸಿದವನು ತಾನೇ ಎಂದ. ನಮ್ಮ ಅಂಗಳದ ಕೆಸರು ದಾಟಿ ಬಂದರೂ ಅವನ ಬೂಟಿನ ಮೇಲೆ ಒಂದು ಚುಕ್ಕೆ ಇರಲಿಲ್ಲ. ಅಂಥವರನ್ನು ಕಂಡರೆ ನನಗೆ ನಂಬಿಕೆ ಬರುವುದಿಲ್ಲ. ಬಿಸಿ ಸಿಕ್ವಾತೆ ಮಾಡಿ ಕೊಟ್ಟೆ, ಟೋರ್ಟಾ ಕೇಕು ಮುಂದಿಟ್ಟೆ. ಚಾಕಲೇಟನ್ನು ಮೂಸಿ ನೋಡಿ ಕುಡಿದ. ವಿಷ ಹಾಕಿದ್ದೇನೆಂದು ಅವನಿಗೂ ಅನುಮಾನವೇನೋ.

ಕೂತ ಕೂಡಲೇ, ನನ್ನನ್ನು ಅಮ್ಮ, ನಿನ್ನ ಮಾವನನ್ನು ಯಜಮಾನ ಎಂದು ಮನಿಲಾ ಮಾತಿನಲ್ಲಿ ಕರೆದು ಶುರು ಮಾಡಿದ. "ನಾನಾಯ್, ಮಾಂಗ್ ಪೊಲೊಯ್, ಇನ್ನು ಇದು ದೇಶದ ಆಟ. ಕಾನೂನು ಬರ್ತಾ ಇದೆ. ಎಲ್ಲಾ ಶಾಲೆ ಮಕ್ಕಳೂ ಅರ್ನಿಸ್ ಕಲೀತಾರೆ."

ನಿನ್ನ ಮಾವ ತನ್ನ ಹುಂಜದ ಕಾಲು ಉಜ್ಜುತ್ತಾ, ತಲೆ ಎತ್ತದೆ ಹೇಳಿದ, "ಅರ್ನಿಸ್ ಅಂದ್ರೆ ಕುದುರೆಗೆ ಕಟ್ಟೋ ಸರಂಜಾಮಲ್ವಾ ಸರ್? ಕುದುರೆ ಗಾಡಿ ಬೇಕಿದ್ರೆ ಚರ್ಚಿನ ಹತ್ರ ಸಿಗುತ್ತೆ. ನಮ್ಮನೇಲಿರೋದು ಎಸ್ಕ್ರಿಮಾ."

"ಹೆಸರಿನ ಜಗಳ ಆಮೇಲೆ ಆಡೋಣ. ಕಾಗದದಲ್ಲಿ ಅದೇ ಹೆಸರು ಹೋಗಿದೆ."

"ಹಾಗಾದ್ರೆ ಕಾಗದಕ್ಕೇ ಕೋಲು ಕೊಟ್ಟು ಆಡಿಸಿ."

ಅಧಿಕಾರಿ ನಕ್ಕ. ನಗುವಾಗಲೂ ಅವನ ಕಣ್ಣು ಗೋಡೆಗೆ ಒರಗಿಸಿಟ್ಟ ಅಪ್ಪನ ಬೆತ್ತದ ಕೋಲುಗಳ ಮೇಲೇ ಇತ್ತು. ಅದನ್ನು ನೋಡಿ ಕೋಲುಗಳನ್ನು ಒಳಗೆ ಒಯ್ದು ನನ್ನ ಮಂಚದ ಕೆಳಗೆ ತಳ್ಳಿ ಬಂದೆ.

ವಿಷಯ ಇಷ್ಟು. ಮೇಷ್ಟರುಗಳಿಗಾಗಿ ಒಂದು ಪುಸ್ತಕ ಅಚ್ಚಾಗುತ್ತಿದೆ. ಅದರಲ್ಲಿ ಇಡೀ ಪಾಠಕ್ಕೆ ನಿನ್ನ ಫೋಟೋಗಳು, ಕೆಳಗೆ ನಮ್ಮ ಅಪ್ಪನ ಹೆಸರು. "ಇದೇ ನಮ್ಮ ಮನೆತನದ ಆಟ, ಇದರಲ್ಲಿ ಏನನ್ನೂ ಬಿಟ್ಟಿಲ್ಲ" ಎಂದು ನಿನ್ನ ಮಾವ ಸಹಿ ಹಾಕಬೇಕು. ಮುಂದಿನ ವಾರ ಶುಕ್ರವಾರ ಅವನು ಮತ್ತೆ ಬರುತ್ತಾನೆ. ಅಂದು ಸಹಿ ಆಗದಿದ್ದರೆ ಬೇರೆ ಊರಿನ ಬೇರೆ ಮನೆತನದ ಆಟ ಪುಸ್ತಕಕ್ಕೆ ಹೋಗುತ್ತದೆ. ಅದನ್ನೂ ನಯವಾಗಿಯೇ ಹೇಳಿದ.

ಹೇಳಿದ ಮೇಲೆ ಒಂದು ಮಾತು ಕೇಳಿದ. "ಮಾಂಗ್ ಪೊಲೊಯ್, ಇಷ್ಟೇನಾ? ಇನ್ನೇನೂ ಇಲ್ವಾ?"

"ಇಷ್ಟೇ," ಎಂದ ನಿನ್ನ ಮಾವ.

ಬಾಗಿಲ ಹತ್ತಿರ ನಿಂತು ಮತ್ತೆ ಕೇಳಿದ, "ನಿಜವಾಗ್ಲೂ ಇಷ್ಟೇನಾ?" ಇವನಿಗೆ ಇನ್ನೆಷ್ಟು ಕದಿಯಬೇಕಾಗಿದೆ ಎಂದು ನನಗೆ ಮೈ ಉರಿದುಹೋಯಿತು.

ಇನ್ನು ನಿನ್ನ ಸಿನಿಮಾದ ಮಾತು. ಅವನು ಮಡಿಸುವ ಕಂಪ್ಯೂಟರನ್ನು ಊಟದ ಮೇಜಿನ ಮೇಲಿಟ್ಟು ತೋರಿಸಿದ. ಕೆಂಪು ಅಂಗಿ, ಕೈಯಲ್ಲಿ ಕೋಲು, ಎದುರಿಗೆ ಕೋಟು ತೊಟ್ಟ ಗಂಡಸರ ಸಾಲು, ನಡುವೆ ನೀನು. ನನಗೆ ಕಣ್ಣು ತುಂಬಿ ಮೊದಲು ಏನೂ ಕಾಣಿಸಲಿಲ್ಲ. ನಮ್ಮ ಅಪ್ಪ ಕೋಲನ್ನು ಉರುವಲಿನ ಹೊರೆಯೊಳಗೆ ಅಡಗಿಸಿಕೊಂಡು ಸಂತೆಗೆ ಹೋಗುತ್ತಿದ್ದವರು. ಪುಂಡರ ವಿದ್ಯೆ ಎಂದು ಪಾದ್ರಿಯಿಂದ ಉಗಿಸಿಕೊಂಡವರು. ಒಂದು ದಿನ ಇದನ್ನು ಹಗಲಿನಲ್ಲಿ, ನಾಲ್ಕು ಜನರ ಎದುರು, ಯಾರಿಗೂ ಹೆದರದೆ ಆಡಬೇಕು ಎಂದು ಸಾಯುವಾಗಲೂ ಹೇಳಿದವರು. ಅವರ ಮೊಮ್ಮಗಳಿಗೆ ಸೆನೆಟಿನವರು ಚಪ್ಪಾಳೆ ತಟ್ಟುತ್ತಿದ್ದಾರೆ.

ಕಣ್ಣೊರೆಸಿಕೊಂಡು, ಇನ್ನೊಮ್ಮೆ ಹಾಕು ಸರ್ ಎಂದೆ. ಎರಡನೇ ಸಲ ಕಂಡಿತು.

ನಿನ್ನ ಎಡಗೈ ಸೊಂಟದ ಮೇಲಿತ್ತು.

ಮಗಳೇ, ನಿನಗೆ ಇದು ಗೊತ್ತಿಲ್ಲ ಎಂದು ನಂಬಿ ಬರೆಯುತ್ತಿದ್ದೇನೆ. ಒಂದು ಗಳಿಗೆ ನಿನ್ನ ಮೇಲೂ ಅನುಮಾನ ಬಂದಿತ್ತು, ನೋಡಲು ಚಂದ ಎಂದು ನೀನೇ ಹಾಗೆ ಇಟ್ಟುಕೊಂಡೆಯೇನೋ ಎಂದು. ಆಮೇಲೆ ನಿನ್ನ ಹಳೆಯ ಮಾತು ನೆನಪಾಯಿತು. ಅಭ್ಯಾಸದಲ್ಲಿ ಯಾವಾಗಲೂ ಬಲ ಪಕ್ಕೆಗೇ ಯಾಕೆ ಟಿಯಾ ಏಟು ಬೀಳೋದು ಎಂದು ಕೇಳಿದ್ದೆಯಲ್ಲ. ಶುಂಠಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ತಿಕ್ಕಿಕೋ ಎಂದು ನಾನು ಹೇಳಿದ್ದೆ. ಎಣ್ಣೆಯಿಂದ ಹೋಗುವ ನೋವಲ್ಲ ಅದು.

ನಮ್ಮ ಮನೆಯಲ್ಲಿ ಪಾಠ ಎರಡು ಬಗೆ. ಮನೆಯವರ ಪಾಠದಲ್ಲಿ ಎಡಗೈ ಬಲ ಮೊಣಕೈಯ ಕೆಳಗೆ ಇರುತ್ತದೆ, ಮೀನು ಹೆಚ್ಚುವವಳ ಪಕ್ಕ ಬೆಕ್ಕು ಕೂತಿರುತ್ತದಲ್ಲ ಹಾಗೆ. ಬಲಗೈ ಹೊಡೆಯಲು ಮೇಲೆದ್ದಾಗ ಪಕ್ಕೆಯನ್ನು ಕಾಯುವುದು ಅದೇ. ಇನ್ನೊಂದು ಪಾಠಕ್ಕೆ ಅಪ್ಪ ಬಿಸಿತಾ ಎನ್ನುತ್ತಿದ್ದರು, ನೆಂಟ ಎಂದು, ಹೊರಗಿನಿಂದ ಬಂದು ಹೋಗುವವನು ಎಂದು. ಅದರಲ್ಲಿ ಎಲ್ಲಾ ಏಟೂ ಇರುತ್ತದೆ, ಎಲ್ಲಾ ಹೆಜ್ಜೆಯೂ ಇರುತ್ತದೆ. ಎಡಗೈ ಮಾತ್ರ ಸೊಂಟದ ಮೇಲೆ, ಕುಣಿಯುವವಳ ಹಾಗೆ. ಬಲಗೈ ಎದ್ದರೆ ಪಕ್ಕೆ ಬಾಗಿಲು ತೆಗೆದಿಟ್ಟ ಮನೆ. ಇಂದು ಕಲಿಯಲು ಬಂದ ನೆಂಟ ನಾಳೆ ಹಗೆಯಾಗಿ ಬಂದರೆ ಎಲ್ಲಿಂದ ಒಳಗೆ ಹೋಗಬೇಕೆಂದು ನಮಗೆ ಗೊತ್ತಿರಲಿ ಅಂತ. ನೀನು ಹುಟ್ಟುವ ಮೊದಲು ಒಬ್ಬ ಕೆಂಪು ಗಡ್ಡದ ವಿದೇಶಿ ಬಂದು ನಮ್ಮಲ್ಲೇ ಉಂಡು ಕಲಿತು ಹೋಗಿ, ತನ್ನ ಊರಿನಲ್ಲಿ ತನ್ನದೇ ಫೋಟೋ ಹಾಕಿ ಶಾಲೆ ತೆರೆದ. ಸುದ್ದಿ ಬಂದಾಗ ನಿನ್ನ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ತೆರೀಲಿ ಬಿಡು. ಅವನ ಪಕ್ಕೇನೂ ತೆರೆದೇ ಇದೆ," ಎಂದಿದ್ದ. ಆಗ ನಾನೂ ನಕ್ಕಿದ್ದೆ.

ತಟ್ಟೆಯ ವಿಷಯದಲ್ಲಿ ಮಾತ್ರ ನಮ್ಮದು ಉಲ್ಟಾ, ನೋಡು. ಗಾಜಿನ ಕಪಾಟಿನ ಗುಲಾಬಿ ಹೂವಿನ ಪಿಂಗಾಣಿ ತಟ್ಟೆ ನೆಂಟರಿಗೆ. ಅಂಚಿನ ಬಣ್ಣ ಹಾರಿದ ಎನಾಮಲ್ ತಟ್ಟೆ ಮನೆಯವರಿಗೆ. ನೀನು ಬಂದಾಗಲೆಲ್ಲ ನಿನ್ನ ಮಾವ ತಾನೇ ಎದ್ದು ಹೋಗಿ ಕಪಾಟಿನಿಂದ ಪಿಂಗಾಣಿ ತೆಗೆಯುತ್ತಿದ್ದ. ನಾನೇನು ನೆಂಟಳಾ ಎಂದು ನೀನು ನಗುತ್ತಿದ್ದೆ. ತಂಗಿಯ ಮಗಳ ಮೇಲೆ ಎಷ್ಟು ಪ್ರೀತಿ ಎಂದು ನಾನು ಹಿಗ್ಗುತ್ತಿದ್ದೆ. ಇನ್ನೊಂದೂ ಈಗ ಲೆಕ್ಕಕ್ಕೆ ಕೂಡುತ್ತಿದೆ. ನಿನ್ನ ಪಾಠ ಯಾವಾಗಲೂ ಭಾನುವಾರವೇ ನಡೆಯುತ್ತಿತ್ತು, ನಾನು ಚರ್ಚಿಗೆ ಹೋಗಿರುವಾಗ. ವಾರದ ಬೇರೆ ದಿನ ಅವನ ಸೊಂಟ ನೋಯುತ್ತಿತ್ತು. ನಾನು ಚರ್ಚಿನಲ್ಲಿ ಹಾಡಿ ಮನೆಗೆ ಬರುವಷ್ಟರಲ್ಲಿ ಕೋಲುಗಳು ಗೋಡೆಗೆ ಒರಗಿರುತ್ತಿದ್ದವು.

ಬೂಟಿನವನನ್ನು ಕಳಿಸಿ ಬಂದವಳೇ ಅಣ್ಣನನ್ನು ಕೇಳಿದೆ. "ಮನೋಯ್, ಆ ಹುಡುಗಿಯ ಎಡಗೈ ಎಲ್ಲಿತ್ತು?"

"ಭುಜದ ತುದೀಲಿ."

"ಆಟ ಆಡಬೇಡ. ಸೊಂಟದ ಮೇಲಿತ್ತು."

"ಚೆನ್ನಾಗಿ ಕಾಣ್ತಿತ್ತಲ್ಲ. ಎಲ್ಲಾ ಚಪ್ಪಾಳೆ ಹೊಡೆದ್ರು."

"ನೆಂಟರ ಪಾಠ ಹೇಳಿಕೊಟ್ಟಿದ್ದೀಯ. ವಿಯೊಲೆತಾ ಹೊಟ್ಟೇಲಿ ಹುಟ್ಟಿದ ಮಗು ನಮಗೆ ನೆಂಟಳಾ?"

ಹುಂಜವನ್ನು ಕೆಳಗೆ ಬಿಟ್ಟ. ಅದು ನಾಲ್ಕು ಹೆಜ್ಜೆ ಹೋಗಿ ನಿಂತು ನಮ್ಮಿಬ್ಬರನ್ನೂ ನೋಡಿತು. "ವಿಯೊಲೆತಾ ನನ್ನ ತಂಗಿ. ಅವಳು ಕಟ್ಟಿಕೊಂಡಿದ್ದು ಹೊಳೆಯಾಚೆಯವನನ್ನ. ಅವನಪ್ಪ ನಮ್ಮಪ್ಪನ ಮುಂಗೈ ಮುರಿದವನು. ಈ ಹುಡುಗಿ ರಜಾ ಮುಗಿಸಿ ಹೋಗ್ತಿದ್ದುದು ಯಾವ ಮನೆಗೆ? ಹೊಳೆ ದಾಟಿ ಎಷ್ಟು ಹೋಗಬಹುದೋ ಅಷ್ಟು ಕೊಟ್ಟೆ."

"ಈಗ ಅದು ಹೊಳೆಯಲ್ಲ, ಸಮುದ್ರಾನೇ ದಾಟ್ತಿದೆ. ದೇಶದ ಮಕ್ಕಳೆಲ್ಲ ಪಕ್ಕೆ ತೆರೆದಿಟ್ಟುಕೊಂಡು ನಿಲ್ತಾವೆ. ಕೆಳಗೆ ಅಪ್ಪನ ಹೆಸರು."

"ನಿಲ್ಲಲಿ. ಮನಿಲಾದವರಿಗೆ ಬೇಕಾಗಿರೋದು ಹೆಸರು, ಹೆಸರು ತಗೊಳ್ಳಲಿ. ವಿದ್ಯೆ ಮನೇಲಿರುತ್ತೆ."

"ಯಾವ ಮನೇಲಿ? ನಿನಗೆ ಮಕ್ಕಳಿಲ್ಲ. ನನಗೆ ಮದುವೇನೇ ಇಲ್ಲ. ಯಾರಿಗೆ ಕಲಿಸಿ ಹೋಗ್ತೀಯ, ಈ ಹುಂಜಕ್ಕಾ?"

ಅವನು ಹುಂಜವನ್ನು ಎತ್ತಿಕೊಂಡು ಹೊರಗೆ ಹೋದ. ಅಂದಿನಿಂದ ಊಟಕ್ಕೆ ಕೂತಾಗ ಉಪ್ಪು ಬೇಕಿದ್ದರೂ ಬೆರಳು ತೋರಿಸುತ್ತಾನೆ. ನಾನೂ ಬೆರಳಿನಲ್ಲೇ ಕೊಡುತ್ತೇನೆ.

ನನಗೂ ಮನಿಲಾದವರ ಮೇಲೆ ನಂಬಿಕೆಯಿಲ್ಲ, ಅದು ನಿನಗೆ ಗೊತ್ತು. ನಮ್ಮ ಎಸ್ಕ್ರಿಮಾಕ್ಕೆ ಅರ್ನಿಸ್ ಎಂದು ಹೆಸರಿಟ್ಟವರು ನಾಳೆ ಅಪ್ಪನ ಹೆಸರಿಗೆ ಏನಿಡುತ್ತಾರೋ. ಆದರೆ ಎರಡು ರಾತ್ರಿ ಯೋಚಿಸಿದ ಮೇಲೆ ಒಂದು ತೋಚಿತು. ಆ ಬೂಟಿನವನು "ಇಷ್ಟೇನಾ" ಎಂದು ಕೇಳಿದ್ದು ಕದಿಯಲು ಅಲ್ಲದೆಯೂ ಇರಬಹುದು. ಅವನೂ ಆ ಸಿನಿಮಾ ನೋಡಿದ್ದಾನೆ. ಕೋಲು ಹಿಡಿದು ಗೊತ್ತಿರುವವನಾದರೆ ಅವನಿಗೂ ಆ ಪಕ್ಕೆ ಕಂಡಿರಬೇಕು. ಅಂದು ಈ ಮನೆಯಲ್ಲಿ ಅಷ್ಟೂ ಹೊತ್ತು ನೇರವಾಗಿ ಮಾತಾಡಿದವನು ಅವನೊಬ್ಬನೇ ಎಂದರೆ ನಗುತ್ತೀಯೇನೋ.

ಶಾಲೆಯ ಮಕ್ಕಳು ನೆಂಟರಲ್ಲ, ರೋಸ್ವಿ. ಅಪ್ಪನ ಆಟ ಹಗಲಿಗೆ ಬರಬೇಕು, ಆದರೆ ಅರ್ಧ ಬಂದರೆ ಅದು ಅಪ್ಪನ ಆಟವಲ್ಲ. ಬೇರೆ ಮನೆತನದವರ ಪಾಠವೇ ಪುಸ್ತಕಕ್ಕೆ ಹೋಗುವುದಾದರೆ ಹೋಗಲಿ, ನಾನು ಒಂದು ದಿನ ಅತ್ತು ಸುಮ್ಮನಾಗುತ್ತೇನೆ. ನೀನು ಆ ಫೋಟೋಗಳನ್ನು ಅಚ್ಚಿಗೆ ಕೊಡಬೇಡ. ಶುಕ್ರವಾರಕ್ಕೆ ಮೊದಲು ಇಲ್ಲಿಗೆ ಬಾ. ನಿನ್ನ ಮಾವ ಕಲಿಸದಿದ್ದರೆ ನಾನು ಕಲಿಸುತ್ತೇನೆ. ನನಗೆ ಮನೆಯವರ ಪಾಠ ಪೂರ್ತಿ ಬರುತ್ತದೆ. ಅಪ್ಪನ ಕೈಯಿಂದಲೇ ಕಲಿತವಳು ನಾನು.

ನಿನ್ನ ಅಮ್ಮನಿಗೆ ಈ ಕಾಗದ ತೋರಿಸಬೇಡ. ಅಣ್ಣ ಅವಳ ಮಗಳನ್ನು ಹೊರಗಿನವಳೆಂದು ಇಟ್ಟಿದ್ದ ಎಂದು ಅವಳಿಗೆ ನಾನೇ ಯಾವಾಗಲಾದರೂ, ಕೈ ಹಿಡಿದುಕೊಂಡು ಹೇಳುತ್ತೇನೆ. ನಿನಗೆ ಮಾವನ ಮೇಲೆ ಸಿಟ್ಟು ಬಂದರೆ ಬರಲಿ. ಸಿಟ್ಟು ಮಾಡಿಕೊಂಡೇ ಹಡಗು ಹತ್ತು.

ನಿನ್ನ ಪಕ್ಕೆಯನ್ನು ಈ ಹೊತ್ತಿಗೂ ಕಣ್ಣಮುಂದೆ ಇಟ್ಟುಕೊಂಡಿರುವ,
ಟಿಯಾ ಟಿಕಾಂಗ್

ಮತ್ತೊಂದು ಮಾತು: ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ನಿನ್ನ ಮಾವ ಬಂದು ಎದುರಿಗೆ ಕೂತ. ಯಾರಿಗೆ ಎಂದು ಕೇಳಲಿಲ್ಲ, ಓದು ಎಂದ. ಮುಚ್ಚಿಡುವುದು ಈ ಮನೆಯಲ್ಲಿ ಸಾಕಾಗಿದೆ ಎಂದು ಜೇಬಿನ ಮಾತಿನಿಂದ ಹಿಡಿದು ಎಲ್ಲವನ್ನೂ ಓದಿದೆ. ಎಲ್ಲ ಕೇಳಿ, "ಎಡಗಾಲು ಅಂತಾನೂ ಬರಿ," ಎಂದ.

"ಯಾವ ಎಡಗಾಲು?"

ನನ್ನ ಮೊಣಕಾಲನ್ನು ನೋಡಿದ. "ಎಡಗೈ ಮೊಣಕೈ ಕೆಳಗೆ ಬಂದಾಗ ಎಡಗಾಲು ಹಿಂದಕ್ಕೆ ಸರೀಬೇಕು. ಅಪ್ಪ ನಿನಗೆ ಅದನ್ನ ಹೇಳಿಕೊಡ್ಲಿಲ್ಲ. ಮದುವೆಯಾಗಿ ಬೇರೆ ಮನೆಗೆ ಹೋಗೋಳು ಅಂತ."

"ನಾನು ಎಲ್ಲಿಗೂ ಹೋಗ್ಲಿಲ್ವಲ್ಲ ಮನೋಯ್."

"ಅಷ್ಟು ಹೊತ್ತಿಗೆ ಹೇಳೋಕೆ ನನಗೆ ನಾಚಿಕೆ ಆಯ್ತು."

ನಾನು ಒಳಗೆ ಹೋಗಿ ಸ್ವಲ್ಪ ಹೊತ್ತು ಒಲೆಯ ಮುಂದೆ ನಿಂತು ಬಂದೆ. ಬರುವಷ್ಟರಲ್ಲಿ ಅವನು ಮಂಚದ ಕೆಳಗಿನಿಂದ ಅಪ್ಪನ ಕೋಲುಗಳನ್ನು ತೆಗೆದು ಎಣ್ಣೆ ಹಚ್ಚುತ್ತಿದ್ದ. ಹುಡುಗಿ ಬಂದು ಸರಿಯಾಗಿ ಕಲಿತ ಮೇಲೆ ಹೊಸದಾಗಿ ಫೋಟೋ ತೆಗೀಲಿ, ಅಲ್ಲಿವರೆಗೆ ಸಹಿ ಇಲ್ಲ, ಬೂಟಿನವನಿಗೆ ನಾನೇ ಹೇಳ್ತೀನಿ ಎಂದ. ಮನಿಲಾದವರು ಕಾಯುತ್ತಾರೋ ಇಲ್ಲವೋ ಕಾಣೆ.

ಎನಾಮಲ್ ತಟ್ಟೆ ನಮ್ಮಲ್ಲಿ ಎರಡೇ ಉಳಿದಿವೆ, ಬರುವಾಗ ಸೆಬು ಪೇಟೆಯಲ್ಲಿ ಒಂದು ತೆಗೆದುಕೊಂಡು ಬಾ. ಪಿಂಗಾಣಿಯ ಕಪಾಟಿಗೆ ಬೀಗ ಹಾಕಿದ್ದೇನೆ. ನಮ್ಮಿಬ್ಬರಿಗೂ ನಿನ್ನ ಮಾವ ತಾನೇ ಕಲಿಸುತ್ತಾನಂತೆ. ಇನ್ನೂ ಏನಾದರೂ ಉಳಿಸಿಕೊಂಡಿದ್ದಾನೋ ಏನೋ, ನನಗಂತೂ ನಂಬಿಕೆಯಿಲ್ಲ. ಕಲಿಸುವಾಗ ನೀನು ಅವನ ಕೈ ನೋಡುತ್ತಿರು, ನಾನು ಅವನ ಕಾಲು ನೋಡುತ್ತಿರುತ್ತೇನೆ.